ಕೋಬಾಲ್ಟ್ ಆಕ್ಸೈಡಿನ ಇತಿಹಾಸ: ಆಕ್ಸ್‌ಫರ್ಡ್ ಪ್ರಯೋಗಶಾಲೆಯ ಹತ್ತು ವರ್ಷಗಳು (1976–1986)

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ನಿರವಯವ ರಸಾಯನಶಾಸ್ತ್ರ ಪ್ರಯೋಗಶಾಲೆಯ ಗೋಡೆಯ ಮೇಲೆ 2010ನೆಯ ಇಸವಿಯಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಸಂಸ್ಥೆಯವರು ನೀಲಿ ಬಣ್ಣದ ಫಲಕವೊಂದನ್ನು ಹಾಕಿಸಿದರು. ಮರಳಿ ತುಂಬಬಹುದಾದ ಲಿಥಿಯಂ ಬ್ಯಾಟರಿಯನ್ನು ಸಾಧ್ಯವಾಗಿಸಿದ ಧನಧ್ರುವದ ವಸ್ತುವನ್ನು 1980ರಲ್ಲಿ ಜಾನ್ ಗುಡ್‌ಇನಫ್ ಅವರು ಮಿಜುಶಿಮ, ಜೋನ್ಸ್, ವೈಸ್‌ಮನ್ ಎಂಬ ಮೂವರೊಡನೆ ಇಲ್ಲಿ ಗುರುತಿಸಿದರೆಂಬುದು ಆ ಫಲಕದ ತಾತ್ಪರ್ಯ. ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ಇಂತಹ ಬರವಣಿಗೆಯ ಗುಣವೂ ಅದರ ಮಿತಿಯೂ ಚೆನ್ನಾಗಿ ಗೊತ್ತು. ದಾನ ಕೊಟ್ಟವನ ಹೆಸರನ್ನು ಶಾಸನವು ಹೇಳುತ್ತದೆ, ತಿಥಿಯನ್ನು ಹೇಳುತ್ತದೆ, ಸಾಕ್ಷಿಗಳನ್ನೂ ಹೇಳುತ್ತದೆ. ಆ ದಾನವು ಆ ವರ್ಷವೇ ಏಕೆ ಆಯಿತು, ಅದರ ಫಲವನ್ನು ಮುಂದೆ ಯಾರು ಉಂಡರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಬೇರೆ ಆಧಾರಗಳಿಂದ ನಾವೇ ಕಂಡುಕೊಳ್ಳಬೇಕು.

ಈ ಫಲಕದ ವಿಷಯದಲ್ಲಿಯೂ ಹಾಗೆಯೇ. ಜನಸಾಮಾನ್ಯರಲ್ಲಿ ಪ್ರಚಲಿತವಾಗಿರುವ ಕಥೆ ಬಹು ಸರಳವಾದುದು: ಒಬ್ಬ ಪ್ರತಿಭಾಶಾಲಿ ಪ್ರಾಧ್ಯಾಪಕನು ಅಮೂಲ್ಯವಾದ ವಸ್ತುವನ್ನು ಕಂಡುಹಿಡಿದನು, ಅವನ ವಿಶ್ವವಿದ್ಯಾನಿಲಯವು ಅದರ ಬೆಲೆಯನ್ನರಿಯದೆ ಕೈಬಿಟ್ಟಿತು, ಜಪಾನಿನವರು ಅದನ್ನು ಎತ್ತಿಕೊಂಡು ಕೋಟ್ಯಂತರ ಸಂಪಾದಿಸಿದರು. ಈ ಕಥೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮುಂದೆ ಆದುದನ್ನು ತಿಳಿದಿರುವವರು ಹಿಂದಿನವರ ಮೇಲೆ ಹೊರಿಸುವ ಆರೋಪವೂ ಅದರಲ್ಲಿ ಸಾಕಷ್ಟು ಬೆರೆತಿದೆ. ಆಗ ಪ್ರಕಟವಾದ ಪ್ರಬಂಧ, ಪೇಟೆಂಟು ಪತ್ರ, ತರುವಾಯ ಬರೆದ ಆತ್ಮಕಥನ ಇವುಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿ, ಆ ಕಥೆ ಎಷ್ಟರಮಟ್ಟಿಗೆ ನಿಲ್ಲುವುದೆಂದು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯಕ್ಕೆ ಬರುವ ಮೊದಲು ವಿದ್ಯುತ್ಕೋಶದ ರಚನೆಯನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. 1800ರಲ್ಲಿ ವೋಲ್ಟಾ ಪ್ರಕಟಿಸಿದ ಕೋಶವಾಗಲಿ, 1859ರಲ್ಲಿ ಪ್ಲಾಂಟೆ ರಚಿಸಿದ ಸೀಸ–ಆಮ್ಲದ ಸಂಚಯಕೋಶವಾಗಲಿ, ಎಲ್ಲದರಲ್ಲಿಯೂ ಇರುವುದು ಮೂರೇ ಅಂಗಗಳು: ಋಣಧ್ರುವ, ಧನಧ್ರುವ, ಇವೆರಡರ ನಡುವೆ ಅಯಾನುಗಳು ಸಂಚರಿಸಲು ಅವಕಾಶ ಕೊಡುವ ಮಾಧ್ಯಮ. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿಯುತ್ತವೆ, ಅಯಾನುಗಳು ಒಳಗಿನ ಮಾಧ್ಯಮದಲ್ಲಿ ಹರಿಯುತ್ತವೆ. ಎರಡು ಧ್ರುವಗಳ ವಸ್ತುಗಳಲ್ಲಿ ಎಲೆಕ್ಟ್ರಾನುಗಳಿರುವ ಶಕ್ತಿಮಟ್ಟದ ಅಂತರವೆಷ್ಟೋ ಅಷ್ಟು ವೋಲ್ಟ್ ದೊರೆಯುತ್ತದೆ. ನೀರಿನ ಮಾಧ್ಯಮವಿದ್ದಲ್ಲಿ ಈ ಅಂತರವನ್ನು ಹೆಚ್ಚು ಬೆಳೆಸಲು ಬಾರದು. ನೀರೇ ಒಡೆದು ಅನಿಲವಾಗುತ್ತದೆ. ಸೀಸದ ಕೋಶ ಎರಡು ವೋಲ್ಟುಗಳಲ್ಲಿಯೇ ನಿಂತಿರುವುದು ಆಶ್ಚರ್ಯವಲ್ಲ. ಈ ಮೇರೆಯನ್ನು ದಾಟಬೇಕಾದರೆ ನೀರನ್ನು ಬಿಡಬೇಕು. ಲೋಹಗಳಲ್ಲೆಲ್ಲ ಹಗುರವಾದ ಲಿಥಿಯಮನ್ನು ಹಿಡಿಯಬೇಕು. ಆ ಲಿಥಿಯಂ ಅಯಾನನ್ನು ಒಳಗೆ ಕರೆದುಕೊಂಡು, ಬೇಕೆಂದಾಗ ಮತ್ತೆ ಬಿಟ್ಟುಕೊಡುವ ಗಟ್ಟಿಯಾದ ಧನಧ್ರುವವೊಂದು ಬೇಕು. ಹುಡುಕಾಟವೆಲ್ಲ ಇದಕ್ಕಾಗಿ.

ಈ ಹುಡುಕಾಟದಲ್ಲಿ ಮೊದಲ ದೊಡ್ಡ ಹೆಜ್ಜೆಯನ್ನಿಟ್ಟವರು ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್. 1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿಯೇ ಓದಿ ಪದವಿ ಪಡೆದ ಅವರು ಅಮೆರಿಕೆಗೆ ಹೋಗಿ, 1972ರಲ್ಲಿ ಎಕ್ಸಾನ್ ತೈಲಸಂಸ್ಥೆಯ ಸಂಶೋಧನ ವಿಭಾಗವನ್ನು ಸೇರಿದರು. ಮರುವರ್ಷವೇ, ಅಂದರೆ 1973ರ ಅಂತ್ಯದಲ್ಲಿ, ಅರಬ್ ರಾಷ್ಟ್ರಗಳ ತೈಲನಿರ್ಬಂಧ ಬಂದಿತು. ತೈಲದ ವ್ಯಾಪಾರಿಯೇ ತೈಲವಿಲ್ಲದ ವಾಹನದ ಬಗೆಗೆ ಹಣ ಸುರಿದ ವಿಚಿತ್ರ ಕಾಲವದು. ಟೈಟಾನಿಯಂ ಡೈಸಲ್ಫೈಡ್ ಎಂಬ ವಸ್ತುವಿನ ಪರಮಾಣುಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಪದರಗಳ ನಡುವಿನ ಸಂದಿಗೆ ಲಿಥಿಯಂ ಅಯಾನುಗಳು ನುಗ್ಗಿ ಹೊರಬಂದರೂ ಪದರಗಳು ಕದಲುವುದಿಲ್ಲ. ಇದನ್ನು ಧನಧ್ರುವವಾಗಿಯೂ ಶುದ್ಧ ಲಿಥಿಯಂ ಲೋಹವನ್ನು ಋಣಧ್ರುವವಾಗಿಯೂ ಇಟ್ಟು ವಿಟಿಂಗ್‌ಹ್ಯಾಮ್ ರಚಿಸಿದ ಕೋಶದ ವರದಿ 1976ರಲ್ಲಿ ಪ್ರಕಟವಾಯಿತು. ಅದರಿಂದ ದೊರೆತುದು ಎರಡು ವೋಲ್ಟುಗಳಿಗಿಂತ ತುಸು ಹೆಚ್ಚು. ಆದರೆ ಮತ್ತೆ ಮತ್ತೆ ತುಂಬುವಾಗ ಲಿಥಿಯಂ ಲೋಹವು ಸಮತಟ್ಟಾಗಿ ಕೂಡದೆ ಮೀಸೆಯಂತೆ ಎಳೆಯೆಳೆಯಾಗಿ ಬೆಳೆದು ಎದುರಿನ ಧ್ರುವವನ್ನು ಮುಟ್ಟುತ್ತಿತ್ತು, ಮುಟ್ಟಿದೊಡನೆ ಬೆಂಕಿ. ಬೇರೊಂದು ಸಲ್ಫೈಡನ್ನು ಬಳಸಿ ಕೆನಡಾದ ಮೋಲಿ ಎನರ್ಜಿ ಸಂಸ್ಥೆಯವರು ಮಾರಾಟಕ್ಕೆ ತಂದ ಲಿಥಿಯಂ ಲೋಹದ ಬ್ಯಾಟರಿಗಳನ್ನು 1989ರಲ್ಲಿ ಇಂತಹ ಬೆಂಕಿಯ ಕಾರಣದಿಂದಲೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇನ್ನು ಗುಡ್‌ಇನಫ್ ಅವರ ವಿಚಾರ. ಜಾನ್ ಬ್ಯಾನಿಸ್ಟರ್ ಗುಡ್‌ಇನಫ್ ಜರ್ಮನಿಯ ಯೇನಾ ನಗರದಲ್ಲಿ 1922ರ ಜುಲೈ 25ರಂದು ಅಮೆರಿಕನ್ ದಂಪತಿಗಳ ಮಗನಾಗಿ ಹುಟ್ಟಿದರು. ತಂದೆ ಅರ್ವಿನ್ ಗುಡ್‌ಇನಫ್ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಧರ್ಮೇತಿಹಾಸದ ಪ್ರಾಧ್ಯಾಪಕರು. ಗ್ರೀಕ್–ರೋಮನ್ ಕಾಲದ ಯೆಹೂದ್ಯರ ಸಂಕೇತಚಿಹ್ನೆಗಳನ್ನು ಕುರಿತು ಹದಿಮೂರು ಸಂಪುಟಗಳ ಮಹಾಗ್ರಂಥವನ್ನು ರಚಿಸಿದವರು. ನಮ್ಮ ಶಾಸ್ತ್ರದವರಿಗೆ ತಂದೆಯ ಹೆಸರು ಮಗನ ಹೆಸರಿಗಿಂತ ಮೊದಲೇ ಪರಿಚಿತವಾಗಿತ್ತೆಂದರೆ ತಪ್ಪಲ್ಲ. ಬಾಲ್ಯದಲ್ಲಿ ಮಗನಿಗೆ ಓದುವುದೇ ಕಷ್ಟವಾಗಿತ್ತು. ಅಕ್ಷರಗಳು ಕಣ್ಣಿಗೆ ಕೂಡಿಬರದ ಆ ತೊಂದರೆಗೆ ಅಂದಿನ ಶಾಲೆಗಳಲ್ಲಿ ಹೆಸರೂ ಇರಲಿಲ್ಲ, ಉಪಾಯವೂ ಇರಲಿಲ್ಲ. ಆದರೂ ಯೇಲ್‌ನಲ್ಲಿ ಗಣಿತವನ್ನು ಓದಿ, ದ್ವಿತೀಯ ಮಹಾಯುದ್ಧದಲ್ಲಿ ಸೈನ್ಯದ ಹವಾಮಾನ ತಜ್ಞರಾಗಿ ದುಡಿದು, ಯುದ್ಧವು ಮುಗಿದ ಮೇಲೆ ಭೌತಶಾಸ್ತ್ರದ ವ್ಯಾಸಂಗಕ್ಕೆಂದು ಷಿಕಾಗೋ ನಗರಕ್ಕೆ ಹೋದರು. ಭೌತಶಾಸ್ತ್ರದಲ್ಲಿ ಹೆಸರು ಮಾಡಿದವರೆಲ್ಲ ಈ ವಯಸ್ಸಿಗೆ ಮುಂಚೆಯೇ ತಮ್ಮ ಕೆಲಸ ಮುಗಿಸಿದ್ದರೆಂದು ಅಲ್ಲಿ ಹೆಸರು ನೋಂದಾಯಿಸುವವರೇ ತಮಗೆ ಹೇಳಿದರೆಂದು ಅವರು ಮುಂದೆ ನೆನೆಸಿಕೊಂಡಿದ್ದಾರೆ. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷವೂ ತುಂಬಿತ್ತೋ ಇಲ್ಲವೋ! ಕೋಬಾಲ್ಟ್ ಆಕ್ಸೈಡಿನ ಪ್ರಬಂಧ ಹೊರಬಂದಾಗ ಐವತ್ತೇಳು ದಾಟಿತ್ತು.

1952ರಲ್ಲಿ ಡಾಕ್ಟರೇಟ್ ಪದವಿ ಪಡೆದು ಅವರು ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಗೆ ಸೇರಿದ ಲಿಂಕನ್ ಪ್ರಯೋಗಶಾಲೆಯಲ್ಲಿ ಉದ್ಯೋಗಕ್ಕೆ ನಿಂತರು. ಇಲ್ಲಿ ಕಳೆದ ಇಪ್ಪತ್ತನಾಲ್ಕು ವರ್ಷಗಳನ್ನು ಬ್ಯಾಟರಿಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಬೀಜವಿರುವುದು ಇಲ್ಲಿಯೇ. ಅಮೆರಿಕದ ವಾಯುರಕ್ಷಣೆಗಾಗಿ ಆಗ ಕಟ್ಟುತ್ತಿದ್ದ ಗಣಕಯಂತ್ರಕ್ಕೆ ನೆನಪಿನ ಕೋಶಗಳು ಬೇಕಾಗಿದ್ದವು. ಸಣ್ಣ ಉಂಗುರಗಳಂತಿರುವ ಫೆರೈಟ್ ಎಂಬ ಕಬ್ಬಿಣದ ಆಕ್ಸೈಡುಗಳಿಂದ ಅವನ್ನು ಮಾಡಬೇಕಾಗಿತ್ತು. ಆಕ್ಸಿಜನ್ನಿನೊಡನೆ ಕೂಡಿದ ಕಬ್ಬಿಣ, ಮ್ಯಾಂಗನೀಸ್, ಕೋಬಾಲ್ಟ್, ನಿಕ್ಕೆಲ್ ಮೊದಲಾದ ಲೋಹಗಳಲ್ಲಿ ಎಲೆಕ್ಟ್ರಾನು ಯಾವ ಮಟ್ಟದಲ್ಲಿರುತ್ತದೆ, ಪಕ್ಕದ ಲೋಹಕ್ಕೆ ಹೇಗೆ ಸ್ಪಂದಿಸುತ್ತದೆ, ಕಾಂತಗುಣ ಹೇಗೆ ಹುಟ್ಟುತ್ತದೆ ಎಂಬುದು ಅಲ್ಲಿ ಅವರ ನಿತ್ಯದ ಅಧ್ಯಯನವಾಯಿತು. ಜಪಾನಿನ ಕನಮೋರಿಯವರ ಹೆಸರಿನೊಡನೆ ಸೇರಿ ಇಂದಿಗೂ ಗುಡ್‌ಇನಫ್–ಕನಮೋರಿ ನಿಯಮಗಳೆಂದು ಪ್ರಸಿದ್ಧವಾಗಿರುವುವು ಈ ಕಾಲದ ಫಲ. ಕಾಂತತ್ವವನ್ನೂ ರಾಸಾಯನಿಕ ಬಂಧವನ್ನೂ ಕುರಿತ ಅವರ ಗ್ರಂಥ 1963ರಲ್ಲಿ ಪ್ರಕಟವಾಯಿತು. ಬ್ಯಾಟರಿಯ ಮಾತು ಇವುಗಳಲ್ಲಿ ಎಲ್ಲಿಯೂ ಇಲ್ಲ. ಆದರೆ ಆಕ್ಸೈಡುಗಳ ಮನೆಯೊಳಗಿನ ಮೂಲೆಮೂಲೆಯನ್ನೂ ಬಲ್ಲವನೊಬ್ಬನು ಹೀಗೆ ಸಿದ್ಧನಾಗಿದ್ದನು.

ಅವರು ಈ ಕ್ಷೇತ್ರದಿಂದ ಹೊರಬರುವಂತೆ ಮಾಡಿದುದು ವಿಜ್ಞಾನವಲ್ಲ, ರಾಜಕಾರಣ. ರಕ್ಷಣಾ ಇಲಾಖೆಯ ಹಣವು ಸೈನ್ಯಕ್ಕೆ ನೇರವಾಗಿ ಸಂಬಂಧಿಸಿದ ಸಂಶೋಧನೆಗೆ ಮಾತ್ರ ಸಲ್ಲಬೇಕೆಂದು ಸೆನೆಟರ್ ಮ್ಯಾನ್ಸ್‌ಫೀಲ್ಡರು ತಂದ ತಿದ್ದುಪಡಿ 1969ರಲ್ಲಿ ಅಂಗೀಕೃತವಾದ ಮೇಲೆ, ಲಿಂಕನ್ ಪ್ರಯೋಗಶಾಲೆಯಂತಹ ಸ್ಥಳಗಳಲ್ಲಿ ಮೂಲವಿಜ್ಞಾನಕ್ಕೆ ಎಡೆ ಕಿರಿದಾಯಿತು. ಇತ್ತ ಫೋರ್ಡ್ ಸಂಸ್ಥೆಯ ವಿಜ್ಞಾನಿಗಳು 1967ರ ಸುಮಾರಿಗೆ ಸೋಡಿಯಂ–ಗಂಧಕದ ಬ್ಯಾಟರಿಯೊಂದನ್ನು ಪ್ರಕಟಿಸಿದ್ದರು. ಅದರಲ್ಲಿ ಧ್ರುವಗಳು ದ್ರವ, ನಡುವಿನ ಮಾಧ್ಯಮವೇ ಘನ. ಈ ತಲೆಕೆಳಗಾದ ವ್ಯವಸ್ಥೆಯು ಗುಡ್‌ಇನಫ್ ಅವರ ಗಮನವನ್ನು ಘನವಸ್ತುವಿನೊಳಗೆ ಚಲಿಸುವ ಅಯಾನುಗಳತ್ತ ಸೆಳೆಯಿತು. 1976ರಲ್ಲಿ ಅವರು ಹಾಂಗ್ ಮತ್ತು ಕಫಾಲಸ್ ಎಂಬುವರೊಡನೆ, ಫಾಸ್ಫೇಟ್ ಹಾಗೂ ಸಿಲಿಕೇಟ್ ಗುಂಪುಗಳಿಂದ ಕಟ್ಟಿದ ಪಂಜರದಂತಹ ಸ್ಫಟಿಕದಲ್ಲಿ ಸೋಡಿಯಂ ಅಯಾನು ವೇಗವಾಗಿ ಓಡಾಡುವುದೆಂದು ತೋರಿಸಿದರು. ಈ ಪಂಜರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಪ್ಪತ್ತು ವರ್ಷಗಳ ಮೇಲೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಅದೇ 1976ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ತನ್ನ ನಿರವಯವ ರಸಾಯನಶಾಸ್ತ್ರದ ಪೀಠಕ್ಕೆ ಅವರನ್ನು ಕರೆಯಿತು. ಭೌತಶಾಸ್ತ್ರದಲ್ಲಿ ಪದವಿ ಪಡೆದು, ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪಾಠವನ್ನೇ ಹೇಳದಿದ್ದ ಅಮೆರಿಕನ್ನನೊಬ್ಬನನ್ನು ಆ ಹಳೆಯ ವಿಶ್ವವಿದ್ಯಾನಿಲಯ ಆರಿಸಿದುದು ಸಣ್ಣ ಸಾಹಸವಲ್ಲ. ಅವರಿಗಿಂತ ಹಿಂದೆ ಪೀಠದಲ್ಲಿದ್ದ ಸ್ಟುವರ್ಟ್ ಆಂಡರ್ಸನ್ ಘನಸ್ಥಿತಿಯ ಆಕ್ಸೈಡುಗಳಲ್ಲಿಯೇ ಪರಿಣತರಾಗಿದ್ದುದರಿಂದ ನೆಲವು ಹದವಾಗಿತ್ತೆಂಬುದು ನಿಜ. ಆದರೂ ಆಯ್ಕೆಮಾಡಿದವರ ಧೈರ್ಯವನ್ನು ಮೆಚ್ಚಬೇಕು. ಆಕ್ಸ್‌ಫರ್ಡ್ ತನ್ನ ಭಾಗ್ಯವನ್ನು ತಾನೇ ಕಳೆದುಕೊಂಡಿತೆಂದು ಹಳಿಯುವವರು, ಆ ಭಾಗ್ಯವನ್ನು ಬಾಗಿಲಿಗೆ ಕರೆತಂದುದೂ ಅದೇ ಆಕ್ಸ್‌ಫರ್ಡ್ ಎಂಬುದನ್ನು ಮರೆಯುತ್ತಾರೆ.

ಆಕ್ಸ್‌ಫರ್ಡಿನಲ್ಲಿ ಅವರು ಹಿಡಿದ ತರ್ಕದ ದಾರಿ ಹೀಗಿದೆ. ವಿಟಿಂಗ್‌ಹ್ಯಾಮರ ಕೋಶದಲ್ಲಿ ಎಲೆಕ್ಟ್ರಾನು ಲಿಥಿಯಮಿನ ಎತ್ತರದಿಂದ ಧನಧ್ರುವದ ಆಳಕ್ಕೆ ಬೀಳುತ್ತದೆ. ಬಾವಿಯ ಉಪಮೆಯಿಂದ ಹೇಳುವುದಾದರೆ, ಸಲ್ಫೈಡಿನಲ್ಲಿ ಬಾವಿಯ ತಳವನ್ನು ನಿಶ್ಚಯಿಸುವುದು ಗಂಧಕದ ಎಲೆಕ್ಟ್ರಾನುಗಳ ಪಟ್ಟಿ. ಆ ಪಟ್ಟಿಯ ಮೇಲಂಚು ಎತ್ತರದಲ್ಲಿರುವುದರಿಂದ ಲೋಹವನ್ನು ಎಷ್ಟು ಬದಲಿಸಿದರೂ ಎರಡೂವರೆ ವೋಲ್ಟಿನಷ್ಟಕ್ಕಿಂತ ಕೆಳಗೆ ಅಗೆಯಲು ಬಂಡೆ ಬಿಡುವುದಿಲ್ಲ. ಗಂಧಕದ ಬದಲು ಆಕ್ಸಿಜನ್ನನ್ನು ಇಟ್ಟರೆ ಆ ಬಂಡೆಯೇ ಬಹು ಆಳಕ್ಕೆ ಸರಿಯುತ್ತದೆ. ಆಗ ಕೋಬಾಲ್ಟಿನಂತಹ ಲೋಹದ ಉನ್ನತ ಆಕ್ಸೀಕರಣ ಸ್ಥಿತಿಯನ್ನು ಮುಟ್ಟಬಹುದು, ನಾಲ್ಕು ವೋಲ್ಟುಗಳವರೆಗೆ ಹೋಗಬಹುದು. ಫೆರೈಟುಗಳಲ್ಲಿ ಕಾಲು ಶತಮಾನ ಕಳೆದವನಿಗಲ್ಲದೆ ಈ ಮಾತನ್ನು ಪ್ರಯೋಗಕ್ಕೆ ಮುಂಚೆಯೇ ಹೇಳುವ ಧೈರ್ಯ ಬರುತ್ತಿರಲಿಲ್ಲ. ಆದುದರಿಂದ ಈ ಸಂಶೋಧನೆಯನ್ನು ಅದೃಷ್ಟವಶಾತ್ ದೊರೆತುದೆಂದು ಬಣ್ಣಿಸುವುದು ಸರಿಯಲ್ಲ. ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ಸ್ಫಟಿಕರಚನೆ 1958ರಿಂದಲೇ ವಿದ್ವಾಂಸರಿಗೆ ಗೊತ್ತಿತ್ತು. ಆಕ್ಸಿಜನ್ ಪದರಗಳ ನಡುವೆ ಒಂದು ಸಾಲು ಕೋಬಾಲ್ಟ್, ಒಂದು ಸಾಲು ಲಿಥಿಯಂ, ಮತ್ತೆ ಕೋಬಾಲ್ಟ್, ಹೀಗೆ ಅದರ ಜೋಡಣೆ. ಇಪ್ಪತ್ತು ವರ್ಷ ಗ್ರಂಥಗಳಲ್ಲಿ ಮಲಗಿದ್ದ ಆ ವಸ್ತುವಿನಿಂದ ಲಿಥಿಯಮನ್ನು ಹೊರಗೆಳೆದರೆ ಏನಾಗುವುದೆಂದು ಕೇಳಿದವರು ಮಾತ್ರ ಇರಲಿಲ್ಲ.

ಪ್ರಯೋಗದ ಭಾರವನ್ನು ಹೊತ್ತವರು ಟೋಕಿಯೋ ವಿಶ್ವವಿದ್ಯಾನಿಲಯದಿಂದ ಬಂದಿದ್ದ ಭೌತವಿಜ್ಞಾನಿ ಕೋಯಿಚಿ ಮಿಜುಶಿಮ. ಅವರೊಡನೆ ಜೋನ್ಸ್ ಮತ್ತು ವೈಸ್‌ಮನ್. ಲಿಥಿಯಂ ಅಯಾನುಗಳಲ್ಲಿ ಸುಮಾರು ಅರ್ಧದಷ್ಟನ್ನು ಹೊರತೆಗೆದರೂ ಪದರಗಳು ಕುಸಿಯಲಿಲ್ಲ. ವೋಲ್ಟ್ ನಾಲ್ಕನ್ನು ಮುಟ್ಟಿತು. ಫಲಿತಾಂಶವು ಮೆಟೀರಿಯಲ್ಸ್ ರಿಸರ್ಚ್ ಬುಲೆಟಿನ್ ಪತ್ರಿಕೆಯ ಹದಿನೈದನೆಯ ಸಂಪುಟದಲ್ಲಿ 1980ರಲ್ಲಿ ಪ್ರಕಟವಾಯಿತು. ನಾಲ್ವರ ಹೆಸರಿನ ಆ ಪ್ರಬಂಧದಲ್ಲಿ ಮೊದಲನೆಯ ಹೆಸರು ಮಿಜುಶಿಮರದು, ಕೊನೆಯದು ಗುಡ್‌ಇನಫ್ ಅವರದು. ಕೆಲವೇ ಪುಟಗಳ ಆ ಬರಹದಲ್ಲಿ ಉತ್ಸಾಹದ ಉದ್ಗಾರವೊಂದೂ ಇಲ್ಲ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನಾಲ್ಕು ವೋಲ್ಟುಗಳ ಮಾತನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೂರಗಾಮಿಯಾದ ಬೇರೊಂದು ಗುಣ ಈ ವಸ್ತುವಿನಲ್ಲಿತ್ತು. ಟೈಟಾನಿಯಂ ಡೈಸಲ್ಫೈಡಿನಲ್ಲಿ ಸ್ವಂತ ಲಿಥಿಯಂ ಇಲ್ಲ. ಋಣಧ್ರುವದಲ್ಲಿರುವ ಲಿಥಿಯಂ ಲೋಹದಿಂದಲೇ ಅದು ಬರಬೇಕು. ಎಂದರೆ ಕೋಶವು ಹುಟ್ಟುವಾಗಲೇ ವಿದ್ಯುತ್ತನ್ನು ತುಂಬಿಕೊಂಡಿರುತ್ತದೆ, ಅಪಾಯಕರವಾದ ಲೋಹವೂ ಒಳಗಿರುತ್ತದೆ. ಆ ಕಾಲದಲ್ಲಿ ಇಂತಹ ಬ್ಯಾಟರಿಗಳನ್ನು ಕಟ್ಟುವ ಕ್ರಮವೇ ಹಾಗಿತ್ತು. ಕೋಬಾಲ್ಟ್ ಆಕ್ಸೈಡಿನಲ್ಲಿಯಾದರೋ ಲಿಥಿಯಂ ಮೊದಲೇ ಮನೆಯೊಳಗಿದೆ. ಕೋಶವನ್ನು ಬರಿದಾದ ಸ್ಥಿತಿಯಲ್ಲಿ, ಗಾಳಿಯಲ್ಲಿಟ್ಟು ನಿರ್ಭಯವಾಗಿ ಜೋಡಿಸಿ ಅನಂತರ ತುಂಬಬಹುದು. ಋಣಧ್ರುವದಲ್ಲಿ ಲಿಥಿಯಂ ಲೋಹವಿರಬೇಕಾದ ಅಗತ್ಯವೇ ಉಳಿಯುವುದಿಲ್ಲ. ಬಂದ ಅಯಾನನ್ನು ಇಟ್ಟುಕೊಳ್ಳುವ ಬೇರೆ ಯಾವ ಆತಿಥೇಯ ವಸ್ತುವಾದರೂ ಸಾಕು. ಆದರೆ ಆ ಆತಿಥೇಯ ಯಾವುದು? 1980ರ ಪ್ರಬಂಧ ಅದನ್ನು ಹೇಳುವುದಿಲ್ಲ. ಆಕ್ಸ್‌ಫರ್ಡಿನ ಪ್ರಯೋಗಗಳಲ್ಲಿ ಎದುರಿನ ಧ್ರುವವಾಗಿದ್ದುದು ಹಳೆಯ ಲಿಥಿಯಂ ಲೋಹವೇ.

ಪೇಟೆಂಟಿನ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಪೇಟೆಂಟ್ ಪಡೆಯುವ ಗೋಜಿಗೆ ಹೋಗಲಿಲ್ಲ. ಕಡೆಗೆ ಹಾರ್ವೆಲ್‌ನಲ್ಲಿದ್ದ ಪರಮಾಣುಶಕ್ತಿ ಸಂಶೋಧನಾಲಯದವರು ಅದರ ವೆಚ್ಚವನ್ನು ವಹಿಸಿಕೊಳ್ಳಲು ಮುಂದೆ ಬಂದರು. ಅದಕ್ಕೆ ಬದಲಾಗಿ ಹಕ್ಕುಗಳೆಲ್ಲವೂ ಬ್ರಿಟನ್ನಿನ ಪರಮಾಣುಶಕ್ತಿ ಪ್ರಾಧಿಕಾರಕ್ಕೆ ಸೇರಿದುವು. ಮುಂದೆ ಬಂದ ಗೌರವಧನದಲ್ಲಿ ಗುಡ್‌ಇನಫ್ ಅವರಿಗೆ ಪಾಲು ದೊರೆಯಲಿಲ್ಲ. ಇಷ್ಟು ನಿಜ. ಆದರೆ ಪೇಟೆಂಟು ಪತ್ರವನ್ನೇ ನೋಡಿದರೆ ಎರಡು ಸಂಗತಿಗಳು ಹೊಳೆಯುತ್ತವೆ. ಮೊದಲ ಅರ್ಜಿ 1979ರದು. ಆದುದರಿಂದ ಫಲಕವು ಹೇಳುವ 1980 ಪ್ರಕಟಣೆಯ ವರ್ಷವೇ ಹೊರತು ಶೋಧದ ವರ್ಷವಲ್ಲ. ಎರಡನೆಯದಾಗಿ, ಪ್ರಬಂಧದಲ್ಲಿ ನಾಲ್ಕು ಹೆಸರುಗಳಿವೆ. 1981ರಲ್ಲಿ ಅಮೆರಿಕದಲ್ಲಿ ಮಂಜೂರಾದ ಪೇಟೆಂಟಿನಲ್ಲಿ ಗುಡ್‌ಇನಫ್ ಮತ್ತು ಮಿಜುಶಿಮ ಎಂಬ ಎರಡೇ ಹೆಸರುಗಳು. ವಿದ್ವತ್‌ಪ್ರಪಂಚದಲ್ಲಿ ಕರ್ತೃವೆನ್ನುವುದಕ್ಕೂ ಕಾನೂನಿನಲ್ಲಿ ಶೋಧಕನೆನ್ನುವುದಕ್ಕೂ ಅಳತೆಗೋಲು ಬೇರೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಂಡಿಲ್ಲ.

ವಿಶ್ವವಿದ್ಯಾನಿಲಯವು ಏಕೆ ಹಿಂಜರಿಯಿತು? ಗುಡ್‌ಇನಫ್ ಅವರ ಆತ್ಮಕಥನವು 2008ರಲ್ಲಿ, ಘಟನೆಯಾಗಿ ಸುಮಾರು ಮೂವತ್ತು ವರ್ಷಗಳ ಮೇಲೆ, ಪ್ರಕಟವಾದುದು; ಅಷ್ಟರಲ್ಲಿ ಲೋಕದ ಮನೆಮನೆಗಳಲ್ಲಿ ಈ ಬ್ಯಾಟರಿ ನೆಲೆಸಿತ್ತು. ಅಂತಹ ಕಾಲದಲ್ಲಿ ಹಿಂದಿರುಗಿ ನೋಡಿದವನಿಗೆ ಅಂದಿನ ಹಿಂಜರಿಕೆ ಮೌಢ್ಯವಾಗಿ ಕಾಣುವುದು ಸಹಜ. ಆತ್ಮಕಥನವನ್ನು ಆಧಾರವಾಗಿ ಬಳಸುವಾಗ ನಾವು ವಹಿಸಬೇಕಾದ ಎಚ್ಚರವಿದು. 1979ರ ಬ್ರಿಟನ್ನಿನಲ್ಲಿ ವಿಶ್ವವಿದ್ಯಾನಿಲಯಗಳಿಗೆ ತಮ್ಮ ಶೋಧಗಳನ್ನು ಮಾರುವ ಅಂಗವೇ ಇರಲಿಲ್ಲ. ದ್ವಿತೀಯ ಮಹಾಯುದ್ಧಾನಂತರ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮಕ್ಕೆ ಸರಕಾರದ ಸಂಶೋಧನ ಮಂಡಲಿಗಳ ಹಣದಿಂದಾದ ಶೋಧಗಳ ಮೇಲೆ ಮೊದಲ ಹಕ್ಕು ಇತ್ತು; ಅದರ ಉತ್ತರಾಧಿಕಾರಿ ಸಂಸ್ಥೆಯಿಂದ ಆ ಹಕ್ಕನ್ನು ತೆಗೆದುದು 1985ರಲ್ಲಿ. ಆಕ್ಸ್‌ಫರ್ಡ್ ತನ್ನ ಸ್ವಂತ ಸಂಸ್ಥೆಯಾದ ಐಸಿಸ್ ಇನ್ನೊವೇಷನ್ ಅನ್ನು ಇದಕ್ಕಾಗಿ ತೆರೆದುದು 1987ರಲ್ಲಿ, ಅಂದರೆ ಗುಡ್‌ಇನಫ್ ಆ ಊರನ್ನು ಬಿಟ್ಟ ಮರುವರ್ಷ! ಅಮೆರಿಕದಲ್ಲಿ ಕೂಡ ಸರಕಾರದ ಹಣದಿಂದಾದ ಶೋಧದ ಒಡೆತನವನ್ನು ವಿಶ್ವವಿದ್ಯಾನಿಲಯಗಳಿಗೆ ಕೊಟ್ಟ ಬೇ–ಡೋಲ್ ಶಾಸನವು ಬಂದುದು 1980ರ ಕೊನೆಯಲ್ಲಿ. ಹೀಗಿರಲು ಇದನ್ನು ಕೆಲವು ಅಧಿಕಾರಿಗಳ ದೂರದೃಷ್ಟಿಯ ಅಭಾವವೆಂದು ಮುಗಿಸಿಬಿಡುವುದಕ್ಕಿಂತ, ಅಂದಿನ ವಿಶ್ವವಿದ್ಯಾನಿಲಯದ ಕಲ್ಪನೆಯಲ್ಲಿಯೇ ಅದಕ್ಕೆ ಜಾಗವಿರಲಿಲ್ಲವೆಂದು ಹೇಳುವುದು ಹೆಚ್ಚು ನ್ಯಾಯ. ಅಲ್ಲದೆ ಎದುರಿನ ಧ್ರುವವಿಲ್ಲದ ಧನಧ್ರುವವೊಂದನ್ನು ಯಾವ ಕಾರ್ಖಾನೆಯವರು ಕೊಳ್ಳುತ್ತಿದ್ದರು? ಬ್ರಿಟನ್, ಯೂರೋಪ್, ಅಮೆರಿಕ ಮೂರರಲ್ಲಿಯೂ ಬ್ಯಾಟರಿ ತಯಾರಕರು ಆಸಕ್ತಿ ತೋರಲಿಲ್ಲವೆಂದು ಗುಡ್‌ಇನಫ್ ಅವರೇ ಬರೆದಿರುವುದು ನಮ್ಮ ಮಾತಿಗೆ ಪೋಷಕವಾಗಿದೆ.

ಎದುರಿನ ಧ್ರುವ ದೊರೆತುದು ಜಪಾನಿನಲ್ಲಿ. ಅಸಾಹಿ ಕಾಸೈ ಎಂಬ ರಾಸಾಯನಿಕ ಸಂಸ್ಥೆಯಲ್ಲಿದ್ದ ಅಕಿರಾ ಯೋಷಿನೋ, ವಿದ್ಯುತ್ತನ್ನು ಹರಿಯಗೊಡುವ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಋಣಧ್ರುವವಾಗಿ ಬಳಸಲು ಯತ್ನಿಸುತ್ತಿದ್ದರು. ಅವರಿಗೆ ಬೇಕಾಗಿದ್ದುದು ಲಿಥಿಯಮನ್ನು ತನ್ನೊಳಗೆ ಇಟ್ಟುಕೊಂಡೇ ಬರುವ ಧನಧ್ರುವ; ಅಂತಹುದು ಎಲ್ಲಿಯೂ ಕಾಣುತ್ತಿರಲಿಲ್ಲ. 1982ರ ವರ್ಷಾಂತ್ಯದಲ್ಲಿ ಕಚೇರಿಯನ್ನು ಗುಡಿಸಿ ಒಪ್ಪಮಾಡುವ ವಾಡಿಕೆ ಮುಗಿದ ಮೇಲೆ, ಓದದೆ ಪೇರಿಸಿಟ್ಟಿದ್ದ ಕಾಗದಗಳಲ್ಲಿ ಆಕ್ಸ್‌ಫರ್ಡಿನ ಪ್ರಬಂಧ ಕಣ್ಣಿಗೆ ಬಿದ್ದಿತೆಂದು ಯೋಷಿನೋ ಹೇಳಿಕೊಂಡಿದ್ದಾರೆ. ಪ್ರಬಂಧವು ಪ್ರಕಟವಾಗಿ ಆಗಲೇ ಎರಡು ವರ್ಷ ಕಳೆದಿತ್ತು. 1983ರಲ್ಲಿ ಎರಡನ್ನೂ ಜೋಡಿಸಿದರು. ಕೋಶವು ಕೆಲಸ ಮಾಡಿತು. ಪಾಲಿಅಸಿಟಿಲೀನು ಹಗುರವಾದರೂ ಹೆಚ್ಚು ಸ್ಥಳವನ್ನು ಹಿಡಿಯುತ್ತಿದ್ದುದರಿಂದ ಅದನ್ನು ಬಿಟ್ಟು, 1985ರಲ್ಲಿ ವಿಶೇಷ ರಚನೆಯ ಇಂಗಾಲವನ್ನು ಆರಿಸಿಕೊಂಡರು. 1986ರಲ್ಲಿ ಭಾರವಾದ ಲೋಹದ ತುಂಡನ್ನು ಮೇಲಿನಿಂದ ಕೆಡವಿ ಕೋಶಗಳನ್ನು ಜಜ್ಜಿದಾಗ ಲಿಥಿಯಂ ಲೋಹವಿದ್ದ ಕೋಶ ಉರಿದುಹೋಯಿತು, ಇಂಗಾಲವಿದ್ದುದು ಉರಿಯಲಿಲ್ಲ. ಈ ವಸ್ತುವಿನ ಬಾಳಿನಲ್ಲಿ ಅದೇ ನಿರ್ಣಾಯಕ ದಿನವೆಂದು ಯೋಷಿನೋ ಭಾವಿಸಿದ್ದಾರೆ. 1991ರಲ್ಲಿ ಸೋನಿ ಸಂಸ್ಥೆ ಲಿಥಿಯಂ ಅಯಾನು ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಜಪಾನಿನವರು ಎತ್ತಿಕೊಂಡುಹೋದರೆಂಬ ಮಾತು ಇಲ್ಲಿ ಅರ್ಧಸತ್ಯವಾಗುತ್ತದೆ. ಬೇರೊಬ್ಬರು ಕೈಹಾಕದ ಕಾಲದಲ್ಲಿ ಹತ್ತು ವರ್ಷ ದುಡಿದು ಉಳಿದರ್ಧವನ್ನು ಅವರು ಸೃಷ್ಟಿಸಿದರು. ಅದೂ ಅಲ್ಲದೆ ಆಕ್ಸ್‌ಫರ್ಡಿನ ಅರ್ಧದಲ್ಲಿಯೇ ಒಬ್ಬ ಜಪಾನೀಯನ ಕೈಯಿತ್ತು.

ಕೋಬಾಲ್ಟಿನ ಮಾತು ಇಷ್ಟಕ್ಕೆ ತೀರುವುದಿಲ್ಲ. ಈ ಲೋಹ ಹೆಚ್ಚಾಗಿ ದೊರೆಯುವುದು ಮಧ್ಯ ಆಫ್ರಿಕದ ಕಟಂಗ ಪ್ರಾಂತದಲ್ಲಿ. ಇಂದಿಗೂ ಲೋಕದ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದ್ದು. 1978ರ ಮೇ ತಿಂಗಳಿನಲ್ಲಿ, ಅಂದರೆ ಆಕ್ಸ್‌ಫರ್ಡಿನ ಪ್ರಯೋಗಗಳ ಕಾಲದಲ್ಲಿಯೇ, ಬಂಡುಗಾರರು ಗಣಿಗಳ ನಗರವಾದ ಕೊಲ್ವೆಜಿಯನ್ನು ಹಿಡಿದರು. ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯಗಳು ಬಂದಿಳಿದುವು. ಕೋಬಾಲ್ಟಿನ ಬೆಲೆ ಒಂದಕ್ಕೆ ಹಲವು ಪಾಲು ಏರಿತು. ಅಗ್ಗವಾದ ಲೋಹಕ್ಕಾಗಿ ಹುಡುಕಾಟ ಮೊದಲಾದುದನ್ನು ಈ ಸಂದರ್ಭದಿಂದ ಬೇರ್ಪಡಿಸಿ ನೋಡಲಾಗದು. 1981ರಲ್ಲಿ ದಕ್ಷಿಣ ಆಫ್ರಿಕದಿಂದ ಮೈಕೇಲ್ ಥ್ಯಾಕರೆ ಎಂಬ ತರುಣರು ಆಕ್ಸ್‌ಫರ್ಡಿಗೆ ಬಂದು, ಸ್ಪಿನೆಲ್ ರಚನೆಯ ಆಕ್ಸೈಡುಗಳಲ್ಲಿ ಲಿಥಿಯಮನ್ನು ತೂರಿಸಬಹುದೆಂದು ಸೂಚಿಸಿದರು. ಪದರಗಳಿಲ್ಲದ ಆ ಬಿಗಿಯಾದ ಸ್ಫಟಿಕದಲ್ಲಿ ಸ್ಥಳವೆಲ್ಲಿದೆಯೆಂದು ಗುಡ್‌ಇನಫ್ ಮೊದಲು ನಂಬಲಿಲ್ಲ. ಥ್ಯಾಕರೆ ಮಾಡಿ ತೋರಿಸಿದರು. ಗುರು ಒಪ್ಪಿದರು, ಒಪ್ಪಿ ಸುಮ್ಮನಾಗದೆ ಮ್ಯಾಂಗನೀಸಿನ ಸ್ಪಿನೆಲ್‌ನತ್ತ ಕೆಲಸವನ್ನು ತಿರುಗಿಸಿದರು. 1983ರಲ್ಲಿ ಪ್ರಕಟವಾದ ಈ ಶೋಧದಲ್ಲಿ ಡೇವಿಡ್, ಬ್ರೂಸ್ ಎಂಬ ಇನ್ನಿಬ್ಬರ ಪಾಲೂ ಇದೆ.

ಆಕ್ಸ್‌ಫರ್ಡಿನ ನಿವೃತ್ತಿ ನಿಯಮವು ಸಮೀಪಿಸುತ್ತಿದ್ದುದರಿಂದ 1986ರಲ್ಲಿ, ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಗುಡ್‌ಇನಫ್ ಟೆಕ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದರು. ಅವರೊಡನೆ ಹೋದವರು ಅರುಮುಗಂ ಮಂತಿರಾಂ. ತಮಿಳುನಾಡಿನವರಾದ ಇವರು ಮದರಾಸಿನ ಐ.ಐ.ಟಿ.ಯಲ್ಲಿ ಡಾಕ್ಟರೇಟ್ ಪಡೆದು, ಮಧುರೆಯ ಕಾಮರಾಜ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, 1985ರಲ್ಲಿ ಆಕ್ಸ್‌ಫರ್ಡ್ ಸೇರಿದ್ದರು. 1976ರ ಪಂಜರ ಮರಳಿ ಬರುವುದು ಇಲ್ಲಿ. ಬರಿಯ ಆಕ್ಸಿಜನ್ನಿನ ಬದಲು ಸಲ್ಫೇಟ್ ಗುಂಪನ್ನಿಟ್ಟರೆ ಅಗ್ಗದ ಕಬ್ಬಿಣವೂ ಹೆಚ್ಚಿನ ವೋಲ್ಟನ್ನು ಕೊಡುವುದೆಂದು ಇವರಿಬ್ಬರೂ ತೋರಿಸಿದರು. ಗಂಧಕವು ಆಕ್ಸಿಜನ್ನನ್ನು ತನ್ನ ಕಡೆಗೆ ಬಿಗಿಯಾಗಿ ಎಳೆದುಕೊಳ್ಳುವುದರಿಂದ ಕಬ್ಬಿಣದೊಡನೆ ಅದರ ಬಂಧ ಸಡಿಲವಾಗುತ್ತದೆ, ಶಕ್ತಿಮಟ್ಟ ಕೆಳಕ್ಕಿಳಿಯುತ್ತದೆ. ಇದೇ ದಾರಿಯಲ್ಲಿ ಮುಂದುವರಿದು 1997ರಲ್ಲಿ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಪ್ರಸಿದ್ಧ ಪ್ರಬಂಧ ಹೊರಬಂದಿತು. ವೋಲ್ಟ್ ಮೂರೂವರೆಯಷ್ಟು ಮಾತ್ರ. ಇದ್ದ ಲಿಥಿಯಮಿನಲ್ಲಿ ಹೊರತೆಗೆಯಲಾದುದು ಹತ್ತರಲ್ಲಿ ಆರು ಪಾಲು. ಆದರೆ ಕಬ್ಬಿಣ, ರಂಜಕಗಳಿಗೆ ಕಟಂಗಕ್ಕೆ ಹೋಗಬೇಕಾಗಿಲ್ಲ. ಕಣಗಳನ್ನು ನುಣ್ಣಗೆ ಮಾಡಿ ಇಂಗಾಲದ ಲೇಪ ಕೊಡುವ ವಿಧ್ಯಾನ ಬಂದ ಮೇಲೆ ಉಳಿದ ಕೊರತೆಯೂ ನೀಗಿತು. ಇಂದು ಚೀನದ ವಿದ್ಯುತ್ ವಾಹನಗಳಲ್ಲಿ ಹೆಚ್ಚಿನವು ಓಡುವುದು ಇದರಿಂದಲೇ.

ಆ ಪ್ರಬಂಧದ ಕರ್ತೃಗಳಾಗಿ ಮೂರು ಹೆಸರುಗಳಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರರಲ್ಲಿ ಎರಡು ನಮ್ಮ ದೇಶದವು. ಅವುಗಳಲ್ಲೊಂದು ಮೈಸೂರು ಸೀಮೆಯಲ್ಲಿ ಊರೂರಿಗೂ ಪರಿಚಿತವಾದ ಹೆಸರು. ಘನವಸ್ತುಗಳ ರಸಾಯನಶಾಸ್ತ್ರವು ನಮ್ಮಲ್ಲಿ ಬೇರೂರಿದ ಕಾಲವನ್ನು ನೆನೆದರೆ ಇದು ಆಕಸ್ಮಿಕವೆನ್ನಿಸುವುದಿಲ್ಲ. ಗುಡ್‌ಇನಫ್ ಆಕ್ಸ್‌ಫರ್ಡ್ ಸೇರಿದ 1976ರಲ್ಲಿಯೇ ಸಿ. ಎನ್. ಆರ್. ರಾವ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಘನಸ್ಥಿತಿ ಹಾಗೂ ರಚನಾತ್ಮಕ ರಸಾಯನಶಾಸ್ತ್ರದ ಘಟಕವನ್ನು ತೆರೆದರು. ಲೋಹದ ಆಕ್ಸೈಡುಗಳೇ ಅಲ್ಲಿಯೂ ಮುಖ್ಯ ವಿಷಯ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಬಂಡೆಗಳಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯದವರು ಅಂದಾಜು ಮಾಡಿದಾಗ ನಮ್ಮ ಪತ್ರಿಕೆಗಳು ಸಂಭ್ರಮಿಸಿದುವು. ನೆಲದೊಳಗಿನ ಲಿಥಿಯಮಿಗೆ ದೊರೆತ ಆ ಪ್ರಚಾರದಲ್ಲಿ ಕಾಲುಪಾಲೂ 1997ರ ಆ ಹೆಸರುಗಳಿಗೆ ದೊರೆಯಲಿಲ್ಲ.

ಕಬ್ಬಿಣ ಫಾಸ್ಫೇಟಿನ ಪೇಟೆಂಟಿನ ಕಥೆಯೋ ಹಿಂದಿನದಕ್ಕೆ ಪೂರ್ತಿ ವಿರುದ್ಧವಾದುದು. ಟೆಕ್ಸಾಸ್ ವಿಶ್ವವಿದ್ಯಾನಿಲಯ ತಾನೇ ಹಕ್ಕನ್ನು ಪಡೆಯಿತು, ಪರವಾನಗಿ ಕೊಟ್ಟಿತು, ನ್ಯಾಯಾಲಯಕ್ಕೂ ಹೋಯಿತು. ಜಪಾನಿನ ದೂರಸಂಪರ್ಕ ಸಂಸ್ಥೆಯಾದ ಎನ್.ಟಿ.ಟಿ.ಯೊಡನೆ ನಡೆದ ವ್ಯಾಜ್ಯವು 2008ರಲ್ಲಿ ಮೂರು ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. 1979ರ ಆಕ್ಸ್‌ಫರ್ಡಿಗೂ ಈ ಟೆಕ್ಸಾಸಿಗೂ ನಡುವೆ ಇಪ್ಪತ್ತು ವರ್ಷಗಳಷ್ಟೇ ಅಂತರ. ಇಷ್ಟರಲ್ಲಿಯೇ ವಿಶ್ವವಿದ್ಯಾನಿಲಯವೆಂಬುದು ಶೋಧವನ್ನು ಲೋಕಕ್ಕೆ ಬಿಟ್ಟುಕೊಡುವ ಸ್ಥಾನದಿಂದ ವಕೀಲರನ್ನಿಟ್ಟು ಅದನ್ನು ಕಾಯುವ ಸ್ಥಾನಕ್ಕೆ ಬಂದಿತ್ತು. ಈ ಬದಲಾವಣೆಯಿಂದ ವಿದ್ಯೆಗೆ ಲಾಭವಾಯಿತೇ ಎಂಬ ಪ್ರಶ್ನೆಗೆ ನಾವು ಸುಲಭವಾಗಿ ಹೌದೆನ್ನಲಾರೆವು. 1980ರ ಪ್ರಬಂಧ ಪ್ರಕಟವಾಗದೆ ಮುಚ್ಚಿಟ್ಟ ಕಾಗದವಾಗಿದ್ದಿದ್ದರೆ ಯೋಷಿನೋ ಅವರ ಮೇಜಿನ ಮೇಲೆ ಅದು ಇರುತ್ತಿರಲಿಲ್ಲ.

2019ರ ಅಕ್ಟೋಬರ್ 9ರಂದು ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಷಿನೋ ಈ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಘೋಷಿತವಾಯಿತು. ರಾಯಲ್ ಸೊಸೈಟಿಯ ಕಾಪ್ಲಿ ಪದಕವನ್ನು ಸ್ವೀಕರಿಸಲು ಗುಡ್‌ಇನಫ್ ಆ ದಿನ ಲಂಡನ್ನಿನಲ್ಲಿದ್ದರು. ಅವರಿಗಾಗ ತೊಂಬತ್ತೇಳು ವರ್ಷ. ಅಷ್ಟು ವಯಸ್ಸಿನಲ್ಲಿ ಈ ಪಾರಿತೋಷಕವನ್ನು ಪಡೆದವರು ಅದುವರೆಗೆ ಯಾರೂ ಇರಲಿಲ್ಲ. ಮಿಜುಶಿಮರ ಹೆಸರು ಆ ಪಟ್ಟಿಯಲ್ಲಿಲ್ಲ. ಒಂದು ಪಾರಿತೋಷಕವನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚಬಾರದೆಂಬುದು ನೊಬೆಲ್ ಸಂಸ್ಥೆಯ ನಿಯಮ. ಡಿಸೆಂಬರ್ ತಿಂಗಳಿನಲ್ಲಿ ಸ್ಟಾಕ್‌ಹೋಮಿನಲ್ಲಿ ಗುಡ್‌ಇನಫ್ ಅವರ ಪರವಾಗಿ ನೊಬೆಲ್ ಉಪನ್ಯಾಸವನ್ನು ಮಾಡಿದವರು, ಮೂವತ್ತನಾಲ್ಕು ವರ್ಷಗಳ ಹಿಂದೆ ಮಧುರೆಯಿಂದ ಆಕ್ಸ್‌ಫರ್ಡಿಗೆ ಹೋಗಿದ್ದ ಮಂತಿರಾಂ.